ಆಕಾಶಕ್ಕೆ ಕಂಪನಿ ಇಲ್ಲವೆಂದ ಹಾವಗೆಪ್ಪ

ಹಾವಗೆಪ್ಪ ಮಿಸ್ತ್ರಿ ಎದುರಿಗೆ ನಿಂತವರ ಮುಖ ನೋಡಿ ಮಾತನಾಡಿದ್ದನ್ನು ನಾನು ಮೂವತ್ತು ವರ್ಷಗಳಲ್ಲಿ ಒಮ್ಮೆಯೂ ಕಂಡಿರಲಿಲ್ಲ. ಅವನ ದೃಷ್ಟಿ ಸದಾ ನಮ್ಮ ನೆತ್ತಿಗಿಂತ ಒಂದು ಮಾರು ಮೇಲಿರುತ್ತಿತ್ತು. ಅಲ್ಲಿ ಯಾವ ಮಾಳಿಗೆಯಿದೆ, ಮಾಳಿಗೆಯ ಮೇಲೆ ಯಾವ ಕೋಲಿದೆ, ಆ ಕೋಲಿಗೆ ಏನು ಕಟ್ಟಿದ್ದಾರೆ, ಕಟ್ಟಿದ ಮಹಾಶಯ ಯಾರು ಎಂಬುದನ್ನು ಅಳೆಯುತ್ತಲೇ ಅವನು ನಮ್ಮ ಕ್ಷೇಮ ಸಮಾಚಾರ ವಿಚಾರಿಸುತ್ತಿದ್ದ. ಹೀಗೆ ಗಗನಮುಖಿಯಾಗಿ ನಡೆಯುವ ಮನುಷ್ಯನಿಗೆ ನೆಲ ವೈರಿಯಾಗುವುದು ಸಹಜವೇ. ಭಾಲ್ಕಿಯ ಬಸ್ ನಿಲ್ದಾಣದ ಮುಂದಿನ ಗಟಾರದಲ್ಲಿ ಅವನು ಎಷ್ಟು ಸಲ ಬಿದ್ದನೆಂಬುದಕ್ಕೆ ಅಲ್ಲಿಯ ಚಹಾದಂಗಡಿಯವರೇ ಸಾಕ್ಷಿ. ಬಿದ್ದಲ್ಲಿಂದ ಏಳುತ್ತ, ಮೊಣಕಾಲಿನ ಕೆಸರನ್ನೂ ಒರೆಸಿಕೊಳ್ಳದೆ, ಎದುರಿನ ಲಾಡ್ಜಿನ ಮೇಲಿನ ಟೀವಿಯ ತಟ್ಟೆ ಪೂರ್ವಕ್ಕೆ ಎರಡು ಬೆರಳು ಹೆಚ್ಚು ತಿರುಗಿದೆಯೆಂದು ಅವನು ಗೊಣಗಿದ್ದನ್ನು ನಾನೇ ಕೇಳಿದ್ದೇನೆ.

ಮೈಮೇಲೊಂದು ಕಂದು ಬಣ್ಣದ ಕೋಟು. ಬೀದರಿನ ವೈಶಾಖದ ಬಿಸಿಲಿಗೆ ಕಲ್ಲೇ ಬೆವರುವಾಗಲೂ ಅವನು ಅದನ್ನು ಕಳಚಿದವನಲ್ಲ. ಕೋಟಿಗೆ ಹನ್ನೊಂದು ಜೇಬು. ಒಂದರಲ್ಲಿ ಇಕ್ಕಳ, ಒಂದರಲ್ಲಿ ಟೆಸ್ಟರು, ಒಂದರಲ್ಲಿ ತಾಮ್ರದ ತಂತಿಯ ಸುರುಳಿ, ಎದೆಯ ಮೇಲಿನದರಲ್ಲಿ ವಿಭೂತಿಯ ಗಟ್ಟಿ ಮತ್ತು ಅಡಕೆ ಒಟ್ಟಿಗೆ. ಮಾತಿನಲ್ಲೂ ಅವನದೊಂದು ವೈಖರಿಯಿತ್ತು. ಪ್ರಶ್ನೆ ಅವನದೇ, ಉತ್ತರವೂ ಅವನದೇ. "ಆಗ್ತದೇನು? ಆಗ್ತದ." "ಬರ್ತದೇನು? ಯಾಕ ಬರಲ್ಲ." ನಡುವೆ ಇನ್ನೊಬ್ಬರು ಬಾಯಿ ಹಾಕಲು ಕೂದಲೆಳೆಯಷ್ಟೂ ಜಾಗ ಬಿಡುತ್ತಿರಲಿಲ್ಲ. ಇನ್ನು ಸಾಮಾನು ಕೊಳ್ಳುವಾಗಿನ ಅವನ ಹಟವಂತೂ ಬೀದರ ಜಿಲ್ಲೆಯ ಅಂಗಡಿಕಾರರಿಗೆಲ್ಲ ಗೊತ್ತು: ಡಬ್ಬಿಯ ಮೇಲೆ ಬರೆದದ್ದನ್ನು ಅವನು ಓದುತ್ತಿರಲಿಲ್ಲ. ಅಂಗೈಯಲ್ಲಿಟ್ಟು, ಕಣ್ಣು ಮುಚ್ಚಿ, ಎರಡು ಸಲ ಮೇಲೆ ಕೆಳಗೆ ತೂಗಿ ನೋಡುತ್ತಿದ್ದ. "ವಜ್ಜಾ ಅದ" ಎಂದರೆ ಕೊಂಡ ಹಾಗೆ; ಹಗುರವಾಗಿದ್ದರೆ ದೇವರೇ ಬಂದು ಶಿಫಾರಸು ಮಾಡಿದರೂ ಇಲ್ಲ.

ಈ ಹಟಕ್ಕೆ ಅವನ ಪ್ರಾಯದ ದಿನಗಳ ಅನುಭವವೇ ಆಧಾರವಾಗಿತ್ತು. ಟೀವಿಯೆಂಬುದು ನಮ್ಮ ಕಡೆಗೆ ಹೊಸದಾಗಿ ಬಂದ ಕಾಲದಲ್ಲಿ ಭಾಲ್ಕಿ, ಔರಾದ, ಬೀದರಿನ ಮಾಳಿಗೆಗಳ ಮೇಲೆ ಆಂಟೆನಾ ಕಟ್ಟಿದವನು ಅವನು. ಒಂದು ಕಂಪನಿಯ ಟೀವಿ, ಇನ್ನೊಂದು ಕಂಪನಿಯ ಆಂಟೆನಾ, ಮೂರನೆಯದರ ವಾಯರು. ಕೊಳವೆ ಸಿಗದ ಕಡೆ ಸೈಕಲ್ಲಿನ ರಿಮ್ಮು, ಅದೂ ಇಲ್ಲದ ಕಡೆ ಪಾತ್ರೆಯ ಮುಚ್ಚಳ. ಏನು ಕಟ್ಟಿದರೂ ಚಿತ್ರ ಬಂದೇ ಬರುತ್ತಿತ್ತು. ಹಾಗಾಗಿ ಅವನೊಂದು ಸಿದ್ಧಾಂತ ಮಾಡಿಕೊಂಡಿದ್ದ. "ಆಕಾಶಕ್ಕ ಕಂಪನಿ ಇರ್ತದೇನು? ಇರಲ್ಲ." ಅವನ ಅರ್ಧ ಆಯುಷ್ಯ ಈ ಒಂದು ವಾಕ್ಯದ ಮೇಲೆ ನಿರಾತಂಕವಾಗಿ ಸಾಗಿತ್ತು.

ಅವನ ಮತ್ಸರದ ಬಗ್ಗೆ ಹೇಳದೆ ಅವನ ಚಿತ್ರ ಪೂರ್ತಿಯಾಗುವುದಿಲ್ಲ. ಸಣ್ಣಪುಟ್ಟ ಹೊಟ್ಟೆಕಿಚ್ಚು ನಮಗೆಲ್ಲರಿಗೂ ಇರುತ್ತದೆ. ಹಾವಗೆಪ್ಪನದು ಮಾತ್ರ ಊಟ ಬಿಡಿಸುವಂಥದು. ಗಂಡ ರೊಟ್ಟಿಯನ್ನು ಅರ್ಧಕ್ಕೆ ಬಿಟ್ಟೆದ್ದರೆ ಊರಲ್ಲಿ ಯಾರೋ ಏನೋ ಚೆನ್ನಾಗಿ ಕಟ್ಟಿದ್ದಾರೆಂದು ಅವನ ಹೆಂಡತಿ ಲಲಿತಾಬಾಯಿ ತಿಳಿದುಕೊಳ್ಳುತ್ತಿದ್ದಳು. ನಾನಾಗ ಬೀದರಿನ ಮೈಲೂರಿನಲ್ಲಿ ಮನೆ ಮಾಡಿದ್ದೆ. ಪಕ್ಕದ ಮನೆಯವರು ಹೈದರಾಬಾದಿನಿಂದ ಯಾರನ್ನೋ ಕರೆಸಿ ಆಂಟೆನಾ ಕಟ್ಟಿಸಿದ್ದರು. ನಮ್ಮಲ್ಲಿಗೆ ಬಂದ ಹಾವಗೆಪ್ಪ ಅದನ್ನು ಕಂಡವನೇ ಚಹಾ ಕೂಡ ಕುಡಿಯದೆ ಹೊರಟುಹೋದ. ಮರುದಿನ ಮಧ್ಯಾಹ್ನ, ಆ ಮನೆಯವರು ಮದುವೆಗೆ ಹೋದ ಹೊತ್ತು ನೋಡಿ, ಏಣಿ ತಂದು ಅವರ ಮಾಳಿಗೆ ಹತ್ತಿದ. ನಾನು ಗಾಬರಿಯಾಗಿ ನೋಡುತ್ತಿದ್ದರೆ, ಅವನು ಸಡಿಲವಾಗಿದ್ದ ಒಂದು ಜೋಡಣೆಯನ್ನು ಬಿಗಿಮಾಡಿ, ತಂತಿಗೆ ಮೇಣ ಸವರಿ, ಸದ್ದಿಲ್ಲದೆ ಇಳಿದು ಬಂದ. ಇದೆಂಥ ಹೊಟ್ಟೆಕಿಚ್ಚಪ್ಪಾ ಎಂದು ಕೇಳಿದರೆ ನನ್ನ ಮಾಳಿಗೆ ನೋಡುತ್ತ ಹೇಳಿದ: "ಅವ ಕಟ್ಟಿದ್ದು ಚಲೋ ಇತ್ರಿ ಸಾಹೇಬ್ರ. ಒಂದೇ ಒಂದು ಕಡಿ ತಪ್ಪಿತ್ತು. ಪೂರಾ ಚಲೋ ಆದ್ರ ಅದು ನಂದ ಆಗ್ತದಲ್ರಿ."

ಆ ದಿನ ಕೆಳಗೆ ಏಣಿ ಹಿಡಿದು ನಿಂತಿದ್ದವನು ಯುನುಸ. ಹಾವಗೆಪ್ಪನದೇ ವಯಸ್ಸು, ಊರು ಠಾಣಾ ಕುಶನೂರದಿಂದ ಐದು ಕಿಲೋಮೀಟರು ಒಳಗಿರುವ ಜೋಗ್ಯಾನವಾಡಿ. ಏಣಿ ಹಿಡಿಯುವುದೂ ಒಂದು ವಿದ್ಯೆಯೆಂದು ಅವನನ್ನು ನೋಡಿಯೇ ನನಗೆ ತಿಳಿದದ್ದು. ಬಲಗಾಲನ್ನು ಕೆಳಗಿನ ಮೆಟ್ಟಿಲಿನ ಮೂಲೆಗೊತ್ತಿ, ಭುಜವನ್ನು ಏಣಿಗೆ ಕೊಟ್ಟು, ಇಪ್ಪತ್ತೈದು ವರ್ಷ ಅವನು ಹಾಗೆ ನಿಂತ. ಮೇಲಿನವನು ಕೆಳಗೆ ನೋಡಿದ್ದೇ ಇಲ್ಲ; ನೋಡುವ ಅಗತ್ಯ ಬೀಳದಂತೆ ಕೆಳಗಿನವನು ನಿಂತಿರುತ್ತಿದ್ದ.

ಎರಡು ಸಾವಿರದ ಹದಿನಾರರ ಬೇಸಿಗೆ ಬಂತು. ಅದಕ್ಕೆ ಹಿಂದಿನ ಎರಡು ಮಳೆಗಾಲ ಬರಿದೇ ಹೋಗಿದ್ದವು. ಸೋಯಾ ಮೊಳೆಯಲಿಲ್ಲ, ತೊಗರಿ ಹೂವಿಗೇ ಉದುರಿತು, ಟ್ಯಾಂಕರು ಬರುವ ದಾರಿಯಲ್ಲಿ ಕೊಡಗಳ ಸಾಲು ಬೆಳಗಿನಿಂದ ಕಾಯುತ್ತಿತ್ತು. ಜೋಗ್ಯಾನವಾಡಿಯ ಅರ್ಧ ಮನೆಗಳಿಗೆ ಬೀಗ ಬಿದ್ದು, ಜನ ಹೈದರಾಬಾದಿಗೂ ಪುಣೆಗೂ ಕಟ್ಟಡದ ಕೆಲಸಕ್ಕೆ ಗುಳೆ ಹೋಗಿದ್ದರು. ಉಳಿದವರು ಉದ್ಯೋಗ ಖಾತ್ರಿಯ ಕೆಲಸ ಕಾಯುತ್ತಿದ್ದರು. ನಾಲಾದ ಹೂಳೆತ್ತುವ ಕೆಲಸ ಮಂಜೂರಾಗಿತ್ತು. ಆದರೆ ಹಾಜರಿ ಪಟ್ಟಿ ಕಂಪ್ಯೂಟರಿನಿಂದಲೇ ಹೊರಡಬೇಕು, ಕಂಪ್ಯೂಟರಿಗೆ ಇಂಟರ್‌ನೆಟ್ ಬೇಕು, ಊರಲ್ಲಿ ಮೊಬೈಲಿಗೇ ಸರಿಯಾಗಿ ಸಿಗ್ನಲ್ಲು ಇರಲಿಲ್ಲ. ಗುಮಾಸ್ತ ಔರಾದಕ್ಕೆ ಹೋಗಿ ಪಟ್ಟಿ ತರುವಷ್ಟರಲ್ಲಿ ಅದರ ವಾರವೇ ಮುಗಿದಿರುತ್ತಿತ್ತು. ಕೊನೆಗೆ ಕುಶನೂರದಲ್ಲಿದ್ದ ಇಂಟರ್‌ನೆಟ್ ಕಂಬದಿಂದ ಊರಿನ ನೀರಿನ ಟಾಕಿಗೆ ಗಾಳಿಯಲ್ಲೇ ವೈಫೈ ಎಳೆಯುವುದೆಂದು ಪಂಚಾಯಿತಿ ತೀರ್ಮಾನಿಸಿತು. ಟಾಕಿಯಲ್ಲಿ ನೀರಂತೂ ಇರಲಿಲ್ಲ, ಕಂಬವಾಗಿಯಾದರೂ ಉಪಯೋಗವಾಗಲಿ ಎಂದರು. ಕಟ್ಟುವವರು ಯಾರೆಂದು ಕೇಳುವ ಅಗತ್ಯವೇ ಬೀಳಲಿಲ್ಲ. ಯುನುಸನೇ ಭಾಲ್ಕಿಗೆ ಹೋಗಿ ಹಾವಗೆಪ್ಪನನ್ನು ಪಂಚಾಯಿತಿಯ ಸಭೆಗೆ ಕರೆತಂದ.

ಆ ಸಭೆಯಲ್ಲೇ ಅವನು ಜಿಜಾಬಾಯಿಯನ್ನು ಮೊದಲು ಕಂಡದ್ದು; ಕಂಡನೆನ್ನುವುದಕ್ಕಿಂತ ಕೇಳಿದ್ದು ಎನ್ನಬೇಕು. ಊರಿನ ಗ್ರಂಥಾಲಯ ನೋಡಿಕೊಳ್ಳುವ ಹೆಂಗಸು, ನಲವತ್ತೈದರ ಪ್ರಾಯ, ದಾರ ಕಟ್ಟಿದ ಕನ್ನಡಕ, ಕೈಯಲ್ಲೊಂದು ಕಟ್ಟು ಹರಿದ ವಹಿ. ಹಿಂದಿನ ಬರದಲ್ಲಿ ಗಂಡನ ಜೊತೆ ಪುಣೆಗೆ ಗುಳೆ ಹೋದವಳು ಎಂಟು ವರ್ಷ ಒಂದು ಶೆಡ್ಡಿನಲ್ಲಿ ಕೆಲಸ ಮಾಡಿ ಬಂದಿದ್ದಳು. ಅಲ್ಲಿ ವೈಫೈ ಕಳಿಸುವ, ಹಿಡಿಯುವ ಡಬ್ಬಿಗಳನ್ನು ಎರಡೆರಡಾಗಿ ಎದುರಿಗಿಟ್ಟು, ಮಾತಾಡುತ್ತವೆಯೋ ಇಲ್ಲವೋ ಎಂದು ಪರೀಕ್ಷಿಸಿ ಪೆಟ್ಟಿಗೆಗೆ ತುಂಬುವುದು ಅವಳ ಕೆಲಸವಾಗಿತ್ತು. ಯಾವುದಕ್ಕೆ ಯಾವುದು ಕೂಡುತ್ತದೆ, ಯಾವುದು ಕೂಡುವುದಿಲ್ಲ ಎಂಬುದನ್ನೆಲ್ಲ ಅವಳು ಆ ವಹಿಯಲ್ಲಿ ಬರೆದಿಟ್ಟುಕೊಂಡಿದ್ದಳು.

"ಅಣ್ಣಾ," ಎಂದಳು ಆಕೆ ಮೆಲ್ಲಗೆ, "ಕುಶನೂರದ ಕಂಬದ ಮ್ಯಾಲ ಈಗಾಗಲೇ ಒಂದು ಡಬ್ಬಿ ಅದರಿ. ಅದೇ ಮನೆತನದ್ದು ನಮ್ಮ ಟಾಕಿ ಮ್ಯಾಲ ಕೂಡ್ರಬೇಕು. ಬ್ಯಾರೇದು ತಂದ್ರ ಹೆಸರು ಕಾಣಸ್ತದ, ಮಾತಾಡಲ್ಲ."

"ಆಕಾಶಕ್ಕ ಕಂಪನಿ ಇರ್ತದೇನ್ರಿ ಬಾಯಿ? ಇರಲ್ಲ."

"ಆಕಾಶಕ್ಕ ಇರಲ್ಲರಿ. ಡಬ್ಬಿಗಿ ಇರ್ತದ."

ಜನ ನಕ್ಕರು. ನಕ್ಕದ್ದನ್ನಾದರೂ ಅವನು ಸಹಿಸಿಕೊಳ್ಳುತ್ತಿದ್ದ. ಆದರೆ ಮೂಲೆಯಲ್ಲಿ ಕುಳಿತ ಯುನುಸ ಹೌದೆಂಬಂತೆ ತಲೆಯಾಡಿಸಿದ್ದನ್ನು ಅವನ ಕಣ್ಣಂಚು ಹಿಡಿದುಬಿಟ್ಟಿತು. ಭಾಲ್ಕಿ ಬಿಟ್ಟು ಎಲ್ಲಿಗೂ ಹೋಗಲಿಲ್ಲವೆಂಬುದು, ಬರ ಬಂದರೂ ಕಸುಬಿನ ಮೇಲೆಯೇ ನಿಂತೆನೆಂಬುದು ಅವನ ದೊಡ್ಡ ಹೆಮ್ಮೆ. ಈಗ ನೋಡಿದರೆ ಗುಳೆ ಹೋದವಳು ವಿದ್ಯೆ ತಂದಿದ್ದಾಳೆ, ನಿಂತವನು ನಿಂತಲ್ಲೇ ಇದ್ದಾನೆ. ಇದನ್ನೆಲ್ಲ ಮುಂದೆ ಅವನೇ ನನಗೆ ಹೇಳಿದ. ಅವಳ ಸೀರೆಯ ಮೇಲೆ, ಅವಳ ಕನ್ನಡಕದ ದಾರದ ಮೇಲೆ, ಆ ಮುರುಕು ವಹಿಯ ಮೇಲೆ ಕೂಡ ಅಂದು ತನಗೆ ಸಿಟ್ಟು ಬಂದಿತ್ತೆಂದು ಒಪ್ಪಿಕೊಂಡ.

ಜಿಜಾಬಾಯಿ ಡಬ್ಬಿಯ ಹೆಸರು, ನಂಬರು, ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಟ್ಟಳು. ಅವನು ಅದನ್ನು ಕೋಟಿನ ಹನ್ನೊಂದನೆಯ ಜೇಬಿಗೆ, ಹರಿದದ್ದೆಂದು ಎಂದೂ ಉಪಯೋಗಿಸದ ಜೇಬಿಗೆ ತುರುಕಿಕೊಂಡು ಹೈದರಾಬಾದಿಗೆ ಹೋದ. ಅಂಗಡಿಯಲ್ಲಿ ಎರಡು ಡಬ್ಬಿ ಮುಂದೆ ಬಂದವು. ಒಂದು ಚೀಟಿಯಲ್ಲಿದ್ದದ್ದು, ಬಿಳಿ ಪ್ಲಾಸ್ಟಿಕ್ಕಿನದು, ಅಂಗೈಯಲ್ಲಿಟ್ಟರೆ ಇದೆಯೆಂದೇ ಅನಿಸದಷ್ಟು ಹಗುರ. ಇನ್ನೊಂದು ಕಬ್ಬಿಣದ ತಟ್ಟೆಯದು, ತೂಗಿದರೆ ತೋಳು ಇಳಿಯುವಂಥದು. ಅವನು ಎರಡನ್ನೂ ಬಹಳ ಹೊತ್ತು ತೂಗಿದ. ಹಗುರದ್ದನ್ನು ತಂದರೆ ಇಂಟರ್‌ನೆಟ್ ಬರಬಹುದು, ಬಂದರೆ ಅದು ಜಿಜಾಬಾಯಿಯದಾಗುತ್ತದೆ. ಭಾರದ್ದನ್ನು ತಂದು ಬರಿಸಿದರೆ ಹಾವಗೆಪ್ಪನದು. "ವಜ್ಜಾ ಅದ" ಎಂದವನೇ ಕಬ್ಬಿಣದ್ದನ್ನು ಬಗಲಿಗೇರಿಸಿದ.

ಹನ್ನೊಂದು ದಿನ ಅವನು ಟಾಕಿಯ ಮೇಲೆ ಕಳೆದ. ಡಬ್ಬಿಯ ದೀಪವೇನೋ ಹತ್ತಿತು. ಕಂಪ್ಯೂಟರಿನಲ್ಲಿ ಕುಶನೂರದ ಕಂಬದ ಹೆಸರೂ ಕಾಣಿಸಿತು, ಜಿಜಾಬಾಯಿ ಹೇಳಿದ ಹಾಗೆಯೇ. ಮಾತು ಮಾತ್ರ ಕೂಡಲಿಲ್ಲ. ಅವನು ತಟ್ಟೆಯನ್ನು ದಿನಕ್ಕೊಂದು ಬೆರಳು ತಿರುಗಿಸಿದ. ವಾಯರು ಬದಲಿಸಿದ. ಆರನೆಯ ದಿನ, ಹನುಮಂತನ ಗುಡಿಯ ಮುಂದಿನ ಬೇವಿನ ಮರ ಅಡ್ಡ ಬರುತ್ತಿದೆಯೆಂದು ಹಟ ಹಿಡಿದು ಅದರ ತಲೆ ಕಡಿಸಿದ. ಆ ಬೇಸಿಗೆಯಲ್ಲಿ ಊರಿಗೆ ಉಳಿದಿದ್ದ ನೆರಳು ಅದೊಂದೇ. ಮುದುಕರು ತಮ್ಮ ಕಂಬಳಿ ಎತ್ತಿಕೊಂಡು ಶಾಲೆಯ ಗೋಡೆಯ ಬದಿಗೆ ಹೋದರು.

ಎಂಟನೆಯ ದಿನ ಜಿಜಾಬಾಯಿ ಟಾಕಿಯ ಬುಡಕ್ಕೆ ಬಂದು, ನಾನೊಮ್ಮೆ ನೋಡಲೇನು ಎಂದು ಕೇಳಿದಳು. ಅವನು ಮೇಲಿನಿಂದಲೇ, "ಇದು ಪುಸ್ತಕದ ಕೆಲಸಲ್ಲರಿ ಬಾಯಿ" ಎಂದ. ಆಗ ಏಣಿ ಹಿಡಿದಿದ್ದ ಯುನುಸ ಮೊದಲ ಸಲ ಬಾಯಿಬಿಟ್ಟ.

"ಅಣ್ಣಾ, ಆಕೀನ ಕೇಳಿದ್ರ ಏನು ಹೋಗ್ತದ?"

"ನೀ ಏಣಿ ಹಿಡಿ."

ಯುನುಸ ಹಿಡಿದ. ಅವನ ಮನೆಯಲ್ಲಿ ಹೆಂಡತಿ ಖುರ್ಷಿದ ಬೇಗಂ ಹಾಜರಿ ಪಟ್ಟಿಗಾಗಿ ಕಾಯುತ್ತಿದ್ದಾಳೆ, ಅವರಿಬ್ಬರ ಹೆಸರೂ ನಾಲಾದ ಕೆಲಸಕ್ಕೆ ಬರೆಸಿದ್ದಾಗಿದೆ, ಈ ವಾರ ಪಟ್ಟಿ ಬರದಿದ್ದರೆ ಗುಳೆಗೆ ಕೂಲಿಗಳನ್ನು ಒಯ್ಯುವ ಮುಕಾದಮನ ಲಾರಿ ಕಾದು ನಿಲ್ಲುವುದಿಲ್ಲ. ಇದೆಲ್ಲ ಹಾವಗೆಪ್ಪನಿಗೆ ಗೊತ್ತಿತ್ತು. ಗೊತ್ತಿದ್ದೂ ಕೇಳಲಿಲ್ಲ. ಮತ್ಸರ ಹೊಕ್ಕ ಮನಸ್ಸಿಗೆ ತಿಳಿವಳಿಕೆ ಇರುವುದಿಲ್ಲವೆಂದು ನಾವು ಸುಮ್ಮನೆ ಹೇಳುತ್ತೇವೆ. ತಿಳಿವಳಿಕೆ ಇರುತ್ತದೆ, ಅದಕ್ಕೆ ಅಲ್ಲಿ ಕೂರಲು ಮಣೆ ಸಿಗುವುದಿಲ್ಲ ಅಷ್ಟೆ.

ಹನ್ನೆರಡನೆಯ ದಿನ ಬೆಳಿಗ್ಗೆ ಲಾರಿ ಬಂತು. ಹದಿನೆಂಟು ಮನೆಯವರು ಹತ್ತಿದರು. ಹಾವಗೆಪ್ಪ ಬಸ್ಸಿಳಿದು ಬರುವಷ್ಟರಲ್ಲಿ ಯುನುಸ ಗಂಟು ಏರಿಸಿ, ಖುರ್ಷಿದ ಬೇಗಂಳನ್ನು ಹತ್ತಿಸಿ, ಹಿಂದಿನ ಹಲಗೆಗೆ ಆತು ನಿಂತಿದ್ದ. ಜಗಳವಿಲ್ಲ, ದೂರಿಲ್ಲ.

"ಏಣಿ ಸಾಲಿ ಕಟ್ಟಿ ಮ್ಯಾಲ ಇಟ್ಟೇನಿ ಅಣ್ಣಾ. ಒಂದು ಮೆಟ್ಟಿಲು ಅಲ್ಲಾಡ್ತದ. ನೋಡ್ಕೊಂಡು ಏರು."

ಅಷ್ಟೇ ಮಾತು. ಲಾರಿ ಹೋಯಿತು. ಹಾವಗೆಪ್ಪ ಆ ದಿನವೂ ಟಾಕಿಯ ಬುಡಕ್ಕೆ ಹೋದ, ಏಣಿ ಒರಗಿಸಿದ, ನಾಲ್ಕು ಮೆಟ್ಟಿಲು ಹತ್ತಿದ. ಏಣಿ ನಡುಗಿತು. ಇಪ್ಪತ್ತೈದು ವರ್ಷಗಳಲ್ಲಿ ಮೊದಲ ಸಲ ಅವನು ಕೆಳಗೆ ನೋಡಿದ. ಯಾರೂ ಇರಲಿಲ್ಲ. ಇಳಿದವನು ಬಹಳ ಹೊತ್ತು ಕಡಿದ ಬೇವಿನ ಕೆಳಗೆ ಬಿಸಿಲಿನಲ್ಲೇ ಕುಳಿತಿದ್ದನೆಂದು ಊರವರು ಹೇಳುತ್ತಾರೆ. ತಾನು ಅತ್ತೆನೆಂದು ಅವನೇ ನನಗೆ ಹೇಳಿದ.

ಮಧ್ಯಾಹ್ನ ಅವನು ಆ ಕಬ್ಬಿಣದ ತಟ್ಟೆಯನ್ನು ಹೊತ್ತು ತಂದು ಗ್ರಂಥಾಲಯದ ಮೇಜಿನ ಮೇಲಿಟ್ಟ. ಹನ್ನೊಂದನೆಯ ಜೇಬಿನಲ್ಲಿ ಚೀಟಿ ಹುಡುಕಿದರೆ ತೂತಿನಿಂದ ಅದು ಎಲ್ಲೋ ಜಾರಿಹೋಗಿತ್ತು.

"ಇನ್ನೊಮ್ಮೆ ಬರದು ಕೊಡ್ರಿ" ಎಂದ, ಗೋಡೆಯ ಮೇಲಿನ ಗಡಿಯಾರ ನೋಡುತ್ತ.

ಜಿಜಾಬಾಯಿ ಬರೆದುಕೊಟ್ಟಳು. ನಾನು ಹೇಳಿರಲಿಲ್ಲವೇ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು, ಆಗ ತಾನು ಸಿಟ್ಟಾದರೂ ಮಾಡಬಹುದಿತ್ತು ಎಂಬುದು ಹಾವಗೆಪ್ಪನ ಕೊರಗು.

ಮೂರನೆಯ ದಿನ ಹಗುರದ ಬಿಳಿ ಡಬ್ಬಿ ಬಂತು. ಟಾಕಿಯ ಬುಡದಲ್ಲಿ ಅವರಿಬ್ಬರೇ. ಹಾವಗೆಪ್ಪ ರೂಢಿಯ ಕೈಯಿಂದ ಹಳೆಯ ತಟ್ಟೆಗೆ ಕರೆಂಟು ಕೊಡುವ ಅಡಾಪ್ಟರನ್ನೇ ಜೇಬಿನಿಂದ ತೆಗೆದು ಹೊಸದರ ವಾಯರಿಗೆ ಸಿಕ್ಕಿಸಹೋದ.

"ಬ್ಯಾಡ್ರಿ ಅಣ್ಣಾ," ಎಂದು ಜಿಜಾಬಾಯಿ ಅವನ ಕೈ ಹಿಡಿದಳು. "ಅದರ ಕರೆಂಟು ಇದಕ್ಕ ದುಪ್ಪಟ್ಟು ಆಗ್ತದ. ಸುಟ್ಟು ಹೋಗ್ತದ. ಇದರದ್ದು ಇದರ ಪೆಟ್ಟಿಗ್ಯಾಗೇ ಅದರಿ."

ಅವನ ಕೈ ನಿಂತಿತು. ಇನ್ನೊಂದು ಕ್ಷಣವಾಗಿದ್ದರೆ ಎರಡನೆಯ ಡಬ್ಬಿಯೂ, ಎರಡನೆಯ ಲಾರಿಯೂ ಅವನ ತಲೆಗೇ ಬರುತ್ತಿದ್ದವು. ಟಾಕಿಯ ಕಬ್ಬಿಣದ ಮೆಟ್ಟಿಲುಗಳು ಆಳೆತ್ತರದ ಮೇಲಿನಿಂದಷ್ಟೇ ಶುರುವಾಗುತ್ತವೆ. ಅಲ್ಲಿಯವರೆಗೆ ಬಿದಿರಿನ ಏಣಿಯೇ ಗತಿ. ಒಬ್ಬರು ಹತ್ತಬೇಕು, ಒಬ್ಬರು ಹಿಡಿಯಬೇಕು. ಹಾವಗೆಪ್ಪ ಕೋಟನ್ನು ಕಳಚಿ ಕಲ್ಲಿನ ಮೇಲಿಟ್ಟ. ಕೋಟಿಲ್ಲದ ಹಾವಗೆಪ್ಪನನ್ನು ಆ ಊರು ಕಂಡದ್ದು ಅದೇ ಮೊದಲು.

"ನಾ ಹಿಡೀತೇನಿ," ಎಂದ. "ನೀವ ಏರ್ರಿ."

ಅವಳು ಸೆರಗು ಬಿಗಿದು, ಕಚ್ಚೆ ಸರಿಪಡಿಸಿಕೊಂಡು ಹತ್ತಿದಳು. ಅವನು ಯುನುಸನನ್ನು ನೆನೆಯುತ್ತ ಬಲಗಾಲನ್ನು ಮೆಟ್ಟಿಲಿಗೊತ್ತಿದ, ಭುಜ ಕೊಟ್ಟ. ಮೇಲಿನಿಂದ ಅವಳು ದೀಪಗಳನ್ನು ಒಂದೊಂದಾಗಿ ಎಣಿಸಿ ಹೇಳುತ್ತಿದ್ದಳು. ಎರಡು, ಮೂರು, ಸ್ವಲ್ಪ ಹೊತ್ತಿನ ಮೇಲೆ ನಾಲ್ಕು. ನಾಲ್ಕೂ ಹಸಿರಾದಾಗ ಅವನು ಏಣಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. ಸಂತೋಷವೂ ಆಯಿತು, ಹೊಟ್ಟೆಯೂ ಉರಿಯಿತು. ಎರಡೂ ಒಂದೇ ಕಾಲಕ್ಕೆ ಆಗಬಹುದೆಂದು ತನಗೆ ಗೊತ್ತಿರಲಿಲ್ಲವೆಂದು ಮುಂದೆ ನನಗೆ ಹೇಳಿದ. "ನಾ ಮ್ಯಾಲ ಇದ್ರ ಇನ್ನಾ ಲಗೂನ ಆಗ್ತಿತ್ತು" ಎಂದು ಏಣಿಗೆ ಹೇಳಿಕೊಂಡನಂತೆ.

ಮರುದಿನವೇ ಹಾಜರಿ ಪಟ್ಟಿ ಹೊರಟಿತು, ಉಳಿದವರು ಊರಲ್ಲೇ ಉಳಿದರು. ಹೋದ ಹದಿನೆಂಟು ಮನೆಯವರು ಮಾತ್ರ ಮುಕಾದಮನಿಗೆ ಮಾತು ಕೊಟ್ಟಾಗಿತ್ತು. ಮಳೆ ಬೀಳುವ ತನಕ ಬರುವಂತಿರಲಿಲ್ಲ. ಹಾವಗೆಪ್ಪನ ಆ ಹನ್ನೊಂದು ದಿನಗಳನ್ನು ಯಾವ ದೀಪವೂ ಹಿಂದಕ್ಕೆ ತರಲಿಲ್ಲ. ಅದನ್ನು ಅವನು ಯಾರಿಂದಲೂ ಮುಚ್ಚಿಡಲೂ ಇಲ್ಲ. ತಪ್ಪು ಡಬ್ಬಿಯದಲ್ಲ, ನನ್ನದು ಎಂದು ಭಾಲ್ಕಿಯ ಚಹಾದಂಗಡಿಯಲ್ಲಿ ತಾನಾಗಿಯೇ ಹೇಳುತ್ತಿದ್ದ. ಬೇರೆ ಊರಿನವರೂ ಕರೆಯತೊಡಗಿದ ಮೇಲೆ ಜಿಜಾಬಾಯಿಯನ್ನು ಅವನೇ ಕರೆದುಕೊಂಡು ಹೋಗುತ್ತಿದ್ದ. ಅವಳು ವಹಿ ನೋಡಿ ಡಬ್ಬಿ ಆರಿಸುವಳು, ಹತ್ತುವಳು. ಅವನು ಜೋಡಿಸುವನು, ಹಿಡಿಯುವನು. ಅವಳು ತಂದದ್ದನ್ನು ಅಂಗೈಯಲ್ಲಿಟ್ಟು ತೂಗುವ ಚಾಳಿಯನ್ನು ಮಾತ್ರ ಬಿಡಲಿಲ್ಲ. "ಹಗುರ ಅದ" ಎಂದು ಮುಖ ಗಂಟಿಕ್ಕಿಕೊಂಡೇ ಕೊಡುತ್ತಿದ್ದ.

ಶ್ರಾವಣದಲ್ಲಿ ನಾನು ಭಾಲ್ಕಿ ಕಡೆಯ ಭಾತಂಬ್ರಾ ಎಂಬ ಊರಿಗೆ ಹೋಗಿದ್ದೆ. ಆ ವರ್ಷ ಮಳೆ ಹಿಡಿದಿತ್ತು. ಊರ ಟಾಕಿಯ ಕೆಳಗೆ ಹಾವಗೆಪ್ಪ ಏಣಿ ಹಿಡಿದು, ಮೇಲಿದ್ದ ಜಿಜಾಬಾಯಿಗೆ ಎಡಕ್ಕೆ, ಇನ್ನೂ ಎಡಕ್ಕೆ ಎಂದು ಹೇಳುತ್ತಿದ್ದ. ಅಷ್ಟರಲ್ಲಿ ಬಸ್ಸಿಳಿದು ಒಬ್ಬ ಮನುಷ್ಯ ಬಂದು ಬದಿಗೆ ನಿಂತ. ಬಿಸಿಲಿಗೆ ಸುಟ್ಟ ಮುಖ, ಸಿಮೆಂಟಿಗೆ ಬಿರುಕುಬಿಟ್ಟ ಕೈ. ಯುನುಸ. ಮಳೆ ಬಿತ್ತೆಂದು ಊರಿಗೆ ಮರಳಿದವನು ಹಾವಗೆಪ್ಪನನ್ನು ಹುಡುಕಿಕೊಂಡು ಬಂದಿದ್ದ. ಏಣಿಯ ಬುಡ ಕಂಡು ಅವನ ಹುಬ್ಬು ಗಂಟಾದದ್ದನ್ನು ನಾನು ನೋಡಿದೆ.

"ಕಾಲು ಅಲ್ಲಿ ಇಡಲ್ಲ ಅಣ್ಣಾ," ಎಂದ. "ಮೂಲಿಗಿ ಇಡಬೇಕು. ಸರಿ, ನಾ ತೋರಸ್ತೇನಿ."

ಹಾವಗೆಪ್ಪ ತಿರುಗಿದ. ಮಾಳಿಗೆ ನೋಡಲಿಲ್ಲ, ಟಾಕಿ ನೋಡಲಿಲ್ಲ. ಯುನುಸನ ಮುಖವನ್ನೇ ನೋಡಿದ, ನನಗೇ ಸಂಕೋಚವಾಗುವಷ್ಟು ಹೊತ್ತು. "ತಪ್ಪಾತು, ಯುನುಸ" ಎಂದ. ಯುನುಸ ಅವನನ್ನು ಭುಜದಿಂದ ಸರಿಸಿ ಏಣಿ ಹಿಡಿದುಕೊಂಡ.

ಕೈಕಸುಬಿನವರ ಮತ್ಸರವನ್ನು ಸಣ್ಣತನವೆಂದು ನಾನು ಬಹುಕಾಲ ತಿಳಿದಿದ್ದೆ; ಇನ್ನೊಬ್ಬರ ಒಳ್ಳೆಯ ವಾಕ್ಯ ಓದಿದ ದಿನ ಬರಹಗಾರನಾದ ನನಗೇ ಊಟ ಸೇರುವುದಿಲ್ಲವೆಂಬುದನ್ನು ಆಗ ಮರೆತಿರುತ್ತಿದ್ದೆ. ಇಂಥವರು ಹೆಸರಿಗಾಗಿ ಕರುಬುವವರಲ್ಲ. ಲೋಕದಲ್ಲಿ ಒಂದು ಕೆಲಸ ತಮ್ಮ ಕೈ ಇಲ್ಲದೆಯೂ ಚೆನ್ನಾಗಿ ಆಗಿಬಿಡುತ್ತದಲ್ಲ ಎಂಬುದೇ ಅವರ ಉರಿ. ಆ ಉರಿಯಲ್ಲಿ ಅವರು ಮೈಲೂರಿನ ಜೋಡಣೆಯನ್ನೂ ಬಿಗಿಮಾಡುತ್ತಾರೆ, ಊರಿಗೊಂದೇ ಉಳಿದ ಬೇವನ್ನೂ ಕಡಿಸುತ್ತಾರೆ. ಅದು ಆರುವುದಿಲ್ಲ, ಹೆಚ್ಚೆಂದರೆ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಇನ್ನೊಬ್ಬರ ಏಣಿ ಹಿಡಿಯುವುದನ್ನು ಕಲಿಯುತ್ತಾರೆ. ಆ ಕಲಿಕೆಗೆ ಯಾರಾದರೊಬ್ಬರು ಲಾರಿ ಹತ್ತಿ ಹೋಗಬೇಕಾಗುತ್ತದೆ. ಕಡಿದ ಬೇವು ಈಗ ಆಳೆತ್ತರ ಚಿಗುರಿದೆ, ನೆರಳು ಇನ್ನೂ ಸಾಲದು, ಮುದುಕರು ಶಾಲೆಯ ಗೋಡೆಯ ಬದಿಗೇ ಕೂರುತ್ತಾರೆ.